ಹಳದಿ ಕೋಟಿನವಳ ಮೊದಲ ಕ್ಯಾಸೆಟ್

ಉಮ್ ಅಲ್ ಹಸ್ಸಮ್, ಬಹರೈನ್
೫ ಜೂನ್ ೨೦೨೫, ಗುರುವಾರ

ಪ್ರೀತಿಯ ತಮ್ಮ ಆದರ್ಶ್,

ಹೇಗಿದ್ದೀಯ? ಬಿ.ಪಿ. ಗುಳಿಗೆ ಮರೆಯುತ್ತಿಲ್ಲ ತಾನೇ? ಅವ್ವನ ಮಂಡಿನೋವು ಈಗ ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ಕೇಳುವವಳಲ್ಲ, ಬಟ್ಟೆ ಒಣಹಾಕುವ ನೆಪದಲ್ಲಾದರೂ ಹತ್ತಿರುತ್ತಾಳೆ. ನಾವು ಚೆನ್ನಾಗಿದ್ದೇವೆ. ನಾಳೆ ಈದ್. ರಜೆಯುದ್ದಕ್ಕೂ ನಿದ್ದೆ ಮಾಡುವುದೆಂದು ನಿನ್ನ ಭಾವ ಈಗಾಗಲೇ ಘೋಷಿಸಿದ್ದಾರೆ. ಅವರ ಆಫೀಸಿನ ರೂಪೇಶ್ ಊರಿಗೆ ಹೊರಟಿದ್ದಾನೆ, ಬ್ಯಾಗಿನಲ್ಲಿ ಒಂದು ಕಿಲೋ ಜಾಗ ಉಳಿದಿದೆ ಎಂದ. ಅರ್ಧ ಖರ್ಜೂರಕ್ಕೆ, ಅರ್ಧ ಈ ಪತ್ರಕ್ಕೆ ಮತ್ತು ಇದರ ಜೊತೆಗಿರುವ ವಸ್ತುವಿಗೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು "ಹೇಳಕ್ಕಾ" ಎಂದ ತಕ್ಷಣ ನನ್ನ ಧೈರ್ಯ ಇಳಿದುಹೋಗುತ್ತದೆ. ಎರಡು ಸಲ ಹಾಗಾಯಿತು.

ಹೋದ ವಾರ ನೀನು ಕೇಳಿದ್ದಕ್ಕೆ ಉತ್ತರ ಇದು. ನಿನ್ನ ಮಗಳು ಮಾನಸ ಮೈಸೂರಿಗೆ ಹೋಗಿ ಸಂಗೀತದ ಪದವಿ ಓದಬೇಕೆನ್ನುತ್ತಾಳೆ, ನಿನಗೆ ಬಿ.ಕಾಂ. ಬೇಕು. "ನೀನೇ ಒಂದ್ಮಾತು ಹೇಳ್ಬಿಡಕ್ಕ, ಹಾಡೋದು ನಮ್ಮ ಮನೆಯೋರಿಗಲ್ಲ ಅಂತ. ನಿಮ್ಮಲ್ಲಿನ ಭುಜಂಗಣ್ಣ ಆಗ ನಂಗೆ ಹೇಳಿದ್ರಲ್ಲ, ಹಂಗೆ" ಎಂದೆ ನೀನು. ನನ್ನ ಮಾತು ಮೀರುವುದಿಲ್ಲವೆಂದು ಅವಳು ಮೂರು ಹಾಡು ಹಾಡಿ ಕಳಿಸಿದ್ದಾಳೆ. ಅವನ್ನು ಕೇಳಲು ಕೂತವಳಿಗೆ ಕೈ ಬರಲಿಲ್ಲ. ಅದರ ಬದಲು ಹಳದಿ ಕೋಟಿನವಳನ್ನು ಹುಡುಕಿದೆ.

ನೆನಪಿದೆಯಲ್ಲ? ನಾನು ಎಂ.ಎ. ಓದುವಾಗ ಮೇಡಂ ಒಬ್ಬರು ಕೊಟ್ಟ ಐರಿಷ್ ಗಾಯಕಿಯ ಕ್ಯಾಸೆಟ್. ಮುಖಪುಟದಲ್ಲಿ ಹಳದಿ ಕೋಟು ತೊಟ್ಟು ದೋಣಿಗಳ ಮುಂದೆ ನಿಂತಿದ್ದಳು, ನಾವು ಅವಳಿಗೆ ಅದೇ ಹೆಸರಿಟ್ಟಿದ್ದೆವು. ಇಪ್ಪತ್ತೆರಡನೇ ವಯಸ್ಸಿನಲ್ಲಿ, ಮಾವನ ಮನೆಯ ಅಡುಗೆಕೋಣೆಯಲ್ಲಿ, ನಾಲ್ಕೇ ದಿನದಲ್ಲಿ ಮಾಡಿದ ಧ್ವನಿಮುದ್ರಣವಂತೆ. ಆಮೇಲೆ ಲಂಡನ್ನಿನ ಕಂಪನಿಯೊಂದು ಅವಳನ್ನು ಕರೆದೊಯ್ದಿತು. ನಾಲ್ಕು ಆಲ್ಬಂ ಬಂದವು. ಎಲ್ಲವನ್ನೂ ಈ ವಾರ ಒಂದಾದ ಮೇಲೊಂದು ಕೇಳಿದೆ. ಡ್ರಮ್ಮು ಬಂತು, ಹಿನ್ನೆಲೆಗೆ ಹತ್ತು ಪಿಟೀಲು ಬಂದವು. ಹಾಡುಗಳಲ್ಲಿದ್ದ ಅವಳ ಊರಿನ ಬಂದರು ಮಾತ್ರ ಮೆಲ್ಲಗೆ ಮಾಯವಾಯಿತು, ಉಚ್ಚಾರವೂ ಯಾವ ಊರಿನದೂ ಅಲ್ಲದಂತಾಯಿತು. ಕೊನೆಗೆ ಹಾಡುವುದನ್ನೇ ಬಿಟ್ಟು ಶಾಲೆಯಲ್ಲಿ ಸಂಗೀತದ ಟೀಚರ್ ಆದಳು. ಈಗ ಐವತ್ತು ದಾಟಿದ ಮೇಲೆ ಆ ಮೊದಲ ಆಲ್ಬಂ ಮತ್ತೆ ಹೊರಬಂದಿದೆ. ಅಷ್ಟು ವರ್ಷ ಅದನ್ನು ಕೇಳಲು ನಾಚಿಕೆಯಾಗುತ್ತಿತ್ತೆಂದು ಒಂದು ಸಂದರ್ಶನದಲ್ಲಿ ಹೇಳಿದ್ದಾಳೆ. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಅವಳನ್ನು ನಾನು ಬಲ್ಲೆ ಅನಿಸಿತು.

ಕಾರಿನಲ್ಲಿ ಅದನ್ನು ಹಾಕಿಕೊಂಡು ಹಮದ್ ಟೌನಿಗೆ ಹೊರಟಿದ್ದೆ. ಪಕ್ಕದಲ್ಲಿ ಕೆಳಗಿನ ಫ್ಲಾಟಿನ ಎಸ್ತರ್. ಮಂಗಳೂರಿನವರು, ಚರ್ಚಿನಲ್ಲಿ ಹಾಡುತ್ತಾರೆ, ಕಿವಿ ಚುರುಕು. "ಇವಳ ಶ್ರುತಿ ಜಾರಿತು, ಕೇಳಿತಾ? ಉಸಿರೂ ಸಾಲಲಿಲ್ಲ, ಪಾಪ" ಎಂದರು. ಇಪ್ಪತ್ತೈದು ವರ್ಷ ನಾನು ಅದನ್ನು ಕೇಳಿಸಿಕೊಂಡೇ ಇರಲಿಲ್ಲ, ತಮ್ಮಾ. ಅಷ್ಟರಲ್ಲಿ ಅವಳು ತನ್ನ ತಾಯಿಯ ಮೇಲೆ ಕಟ್ಟಿದ ಹಾಡು ಬಂತು, ಬಂದರಿನಲ್ಲಿ ಮೀನು ಕೊಯ್ದು ಕೊಯ್ದು ಕೈ ಒಡೆದ ತಾಯಿ. ನನ್ನ ಕಣ್ಣು ಮಂಜಾಯಿತು. "ಎಂತ ಮಾರಾಯ್ತಿ, ಅಳುವುದಾ? ಮೀನು ಕೊಯ್ಯುವ ಪದ್ಯಕ್ಕೆ ಅಳುವುದಾದರೆ ನಮ್ಮ ಅಡಿಗೆಮನೆಗೆ ಬನ್ನಿ, ನಾನು ದಿನಾ ಹಾಡ್ತೇನೆ. ಈಗ ಹೊರಡಿ, ಸಿಗ್ನಲ್ ಬಿಟ್ಟಿದೆ!"

ಅಳು ಮೀನಿನದಲ್ಲ. ೨೦೦೨ರಲ್ಲಿ ನೀನು ಕಳಿಸಿದ ಕ್ಯಾಸೆಟ್ಟಿನದು. ಇಲ್ಲಿನ ಕನ್ನಡದವರ ರಾಜ್ಯೋತ್ಸವಕ್ಕೆ ಊರಿನಿಂದ ಒಬ್ಬ ಹಾಡುಗಾರನನ್ನು ಕರೆಸಬೇಕೆಂದು ಭುಜಂಗಣ್ಣ ಹುಡುಕುತ್ತಿದ್ದರು. ನೀನು ಎಂಟು ಹಾಡು ತುಂಬಿಸಿ, ಅವ್ವನ ಶೇಂಗಾ ಚಟ್ನಿಪುಡಿ ಡಬ್ಬಿಯೊಳಗಿಟ್ಟು, ಯಾರದೋ ಬ್ಯಾಗಿನಲ್ಲಿ ಕಳಿಸಿದ್ದೆ. ಮೂರನೆಯ ಹಾಡು ನಮ್ಮವ್ವನ ಮೇಲಿನದು: ನಮ್ಮ ಖಾನಾವಳಿಯ ಒಲೆ ಮುಂದೆ ಕೂತು ಊರವರಿಗೆಲ್ಲ ರೊಟ್ಟಿ ಬಡಿಯುವವಳು, ತನ್ನ ತಾಟು ಕೊನೆಗೆ ತೊಳೆಯುವವಳು. ನಾನು ಮದುವೆಯಾಗಿ ಬಂದು ವರ್ಷವಾಗಿತ್ತು. ಇಲ್ಲಿನ ಇಂಜಿನಿಯರುಗಳ ಹೆಂಡಂದಿರಿಗೆ ನಮ್ಮದು ಹೋಟೆಲ್ ಬಿಸಿನೆಸ್ ಎಂದಿದ್ದೆ. ಆ ಸಭೆಯಲ್ಲಿ ನೀನು ಆ ಹಾಡು ಹಾಡುವುದನ್ನು ಊಹಿಸಿಕೊಂಡು ಬೆವೆತುಹೋದೆ.

ಆದ್ದರಿಂದ ಕ್ಯಾಸೆಟ್ಟನ್ನು ಭುಜಂಗಣ್ಣನಿಗೆ ಕೊಡಲೇ ಇಲ್ಲ. ಅವರಿಗೆ, ನಿನಗೆ ಬರುವ ಆಸಕ್ತಿಯಿಲ್ಲ ಎಂದೆ. ನಿನಗೆ, ಅವರು ಕೇಳಿದರು, ಶ್ರುತಿ ನಿಲ್ಲುವುದಿಲ್ಲ, ಈ ಕಂಠಕ್ಕೆ ಹಾಡು ಬೇಡ ಎಂದರು ಅಂತ ಬರೆದೆ. ಅವರು ಅನ್ನಲಿಲ್ಲ, ಆದರ್ಶ್. ಅದು ನಾನು. ನೀನು ಹಾರ್ಮೋನಿಯಂ ಮಾರಿದೆಯೆಂದು ಅವ್ವ ಬರೆಸಿದಾಗಲೂ ಸುಮ್ಮನಿದ್ದೆ. ಯಾವುದೋ ಊರಿನ ತಾಯಿಯ ಒಡೆದ ಕೈಗೆ ಕಣ್ಣೀರಿಟ್ಟವಳಿಗೆ ಹೆತ್ತವಳ ಕೈಯ ಹಿಟ್ಟು ಅವಮಾನವಾಗಿ ಕಂಡಿತ್ತು. ಕವಿತೆ ಓದಿದವಳು ಅಂತ ನೀವೆಲ್ಲ ನನ್ನನ್ನು ಮೆಚ್ಚಿಕೊಳ್ಳುತ್ತಿದ್ದಿರಿ.

ಮೊನ್ನೆ ನಿನ್ನ ಕ್ಯಾಸೆಟ್ ಹಿಡಿದುಕೊಂಡು ಅದ್ಲಿಯಾದಲ್ಲಿರುವ ಭುಜಂಗಣ್ಣನ ಮನೆಗೆ ಹೋಗಿ ಇದ್ದದ್ದನ್ನೆಲ್ಲ ಹೇಳಿದೆ. ಅವರ ಹಳೆಯ ಟೇಪ್ ರೆಕಾರ್ಡರಿನಲ್ಲಿ ಎಂಟೂ ಹಾಡು ಕೇಳಿದೆವು. ನಿನ್ನ ಶ್ರುತಿ ಎರಡು ಕಡೆ ಜಾರುತ್ತದೆ, ನಿಜ. ಮುಗಿದ ಮೇಲೆ ಅವರು ಕ್ಯಾಸೆಟ್ ತೆಗೆದು ನನ್ನ ಕೈಗಿಟ್ಟರು. ಆಮೇಲೆ, "ಆ ವರ್ಷ ನಾನು ಕರೆಸಿದ ಜನ ಮೈಕಿನ ಮುಂದೆ ಕೆಮ್ಮಿದ್ದೇ ಹೆಚ್ಚು. ನೀನು ಎಂತ ಮಾಡಿಬಿಟ್ಟೆ ಕೋಕಿಲಾ" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಇದರ ಜೊತೆಗಿರುವುದು ಆ ಕ್ಯಾಸೆಟ್ಟೇ. ಕ್ಷಮಿಸು ಎಂದು ಬರೆದು ನಿನ್ನ ಮೇಲೆ ಭಾರ ಹೊರಿಸಲಾರೆ. ಮಾನಸಳ ಹಾಡು ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವ ಕೆಲಸ ನಾನು ಇನ್ನು ಮಾಡುವುದಿಲ್ಲ. ಅವಳ ಅರ್ಜಿಗೆ ಸಹಿ ಹಾಕುವುದು, ಬಿಡುವುದು ನಿನಗೆ ಸೇರಿದ್ದು. ಆದರೆ ಭುಜಂಗಣ್ಣನ ಹೆಸರು ಹೇಳಿ ಅವಳನ್ನು ತಡೆಯಬೇಡ. ಮನೆಯವರನ್ನೆಲ್ಲ ನಾವಿಬ್ಬರೂ ಕೇಳಿದೆವೆಂದು ಹೇಳು. ದೇವರು ನಿಮ್ಮನ್ನು ಸುಖವಾಗಿಟ್ಟಿರಲಿ.

ನಿನ್ನ ಅಕ್ಕ,
ಕೋಕಿಲಾ

ಮರೆತಿದ್ದು: ರೂಪೇಶ್ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಬೆಳಿಗ್ಗೆ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ನನ್ ಮ್ಯಾಲೆ ಹಾಡು ಕಟ್ಟಿದ್ನಾ? ನಂಗೆ ಯಾರೂ ಹೇಳ್ಲೇ ಇಲ್ವಲ್ಲೇ!" ಎಂದಳು. ಈಗ ಅದನ್ನು ನಿನ್ನ ಬಾಯಿಂದಲೇ ಕೇಳಬೇಕಂತೆ, ಕ್ಯಾಸೆಟ್ ಬೇಡವಂತೆ. ಪತ್ರ ನಿನ್ನ ಕೈಗೆ ಬರುವವರೆಗೆ ತುಟಿ ಬಿಚ್ಚುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ. ಓದಿ ಮುಗಿಸಿದ ಮೇಲೆ ತಲೆಯೆತ್ತಿ ನೋಡು, ಎದುರಿಗೇ ಕೂತಿರುತ್ತಾಳೆ.