ಒಂದೇ ಒಂದು ಚಮಚ ಬಟಾಣಿ ಪುಡಿ

ಮಗನೇ,

“ನನ್ನ ಮಗಳಿಗೆ ನಾನೇ ಮಾಡಿದ್ದನ್ನ ಕೊಡೋಕೂ ಯಾರದಾದ್ರೂ ಅಪ್ಪಣೆ ಬೇಕಾ?” ಅಂತ ಸ್ನಾನಕ್ಕೆ ಹೋಗುವ ಮುಂಚೆ ಅಡುಗೆಮನೆಯ ಕಿಟಕಿಯನ್ನು ಕೇಳಿದೆಯಲ್ಲ, ನನ್ನ ಕಿವಿಗೂ ಬಿತ್ತು. ನಾನು ಪ್ರಾರ್ಥನೆಗೆ ಹೊರಟೆ. ಹತ್ತಕ್ಕೆ ಬರುತ್ತೇನೆ.

ಪುಟ್ಟಿ ಎದ್ದೊಡನೆ ಅಳುತ್ತಾಳೆ. ಹಾಲಿನ ಬದಲಿಗೆ ಡಾಕ್ಟರು ಬರೆದುಕೊಟ್ಟ ಅಕ್ಕಿ ಪ್ರೋಟೀನಿನ ಪುಡಿಯ ಡಬ್ಬಿ ಒಲೆಯ ಪಕ್ಕದಲ್ಲಿದೆ, ಕಾಯಿಸಿದ ನೀರು ಫ್ಲಾಸ್ಕಿನಲ್ಲಿ. ಅಳತೆಯ ಚಮಚದಲ್ಲಿ ಮೂರು ಹಾಕು, ಗೋಪುರ ಕಟ್ಟಬೇಡ. ಕಲಕಿದ ಮೇಲೆ ಒಂದು ಪದ್ಯ ಹೇಳಿ ಮುಗಿಸುವಷ್ಟು ಹೊತ್ತು ಬಾಟಲಿ ಆರಲಿ. ನಿನ್ನ ಓಟದ ಬಾಯಿಗಾದರೆ ಮೂರು ಪದ್ಯ. ಆಮೇಲೂ ಮಣಿಕಟ್ಟಿಗೆ ಒಂದು ಹನಿ ಬಿಟ್ಟು ನೋಡು. ಮುಖ ಸಿಂಡರಿಸುತ್ತಾಳೆ, ಪಾಪ. ಅದು ಕಹಿ, ನಾನೂ ನೆಕ್ಕಿ ನೋಡಿದ್ದೇನೆ.

ನೀನು ಕಾರ್ಖಾನೆಯಲ್ಲಿ ಮಾಡಿ ತಂದ ಬಟಾಣಿ ಪ್ರೋಟೀನಿನ ಪುಡಿಯನ್ನೂ ನಾನು ನೆಕ್ಕಿದ್ದೇನೆ. ನಿಜಕ್ಕೂ ರುಚಿಯಾಗಿದೆ. ಹಸುವಿನ ಹಾಲಿಗೆ ಪುಟ್ಟಿಯ ಮೈಯೆಲ್ಲ ದದ್ದೆದ್ದ ದಿನದಿಂದ ನೀನು ಇದರ ಹಿಂದೆ ಬಿದ್ದದ್ದು ನನಗೆ ತಿಳಿಯದೇನಪ್ಪ? ಆದರೆ ಇದನ್ನು ಹಸುಗೂಸಿಗೆ ಕೊಡಬಹುದೆಂದು ಪರೀಕ್ಷೆ ಮಾಡುವವರು ಇನ್ನೂ ಹೇಳಿಲ್ಲ. “ದೊಡ್ಡೋರಿಗೆ ಅರಗಿದ್ರೆ ಸಾಲದಮ್ಮ, ಮಕ್ಕಳು ಬೆಳೆಯೋದನ್ನ ತಿಂಗಳುಗಟ್ಟಲೆ ನೋಡ್ಬೇಕು” ಅಂತ ಊಟಕ್ಕೆ ಕೂತಾಗ ಹೇಳಿದವನು ನೀನೇ ತಾನೆ? ಅವರು ಕೇಳುವುದೂ ಅದನ್ನೇ.

ಪುಟ್ಟಿಯ ಅಮ್ಮ ಕೆಲಸಕ್ಕೆ ಹೋದ ಮೇಲೆ ನನ್ನ ಕೈ ಹಿಡಿದು, “ಒಂದೇ ಒಂದು ಚಮಚ ಬೆರೆಸಮ್ಮ, ಅವಳಿಗೆ ಹೇಳ್ಬೇಡ” ಅಂದೆ. ನಿನಗೆ ಇಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಡಬ್ಬಿ ನನ್ನ ಕೈಚೀಲದಲ್ಲಿದೆ, ಹುಡುಕಬೇಡ. ನಾನು ಬೆರೆಸುವುದಿಲ್ಲ ಕಂದ, ನಿನಗೂ ಬೆರೆಸಲು ಬಿಡುವುದಿಲ್ಲ.