ಹಳದಿ ಗಾಡಿಯ ಎಡ ಮಗ್ಗಲು

ಜನವರಿ 6, ಮಂಗಳವಾರ

ಇವತ್ತು ಗಾಡಿ ನೋಡಲಿಲ್ಲ. ಹೋದೆ, ಹಿಂದಿನ ಮುಚ್ಚಳದ ಮೇಲೆ ಅಂಗೈ ಇಟ್ಟೆ, ವಾಪಸ್ ಬಂದೆ. ಬೆಚ್ಚಗಿತ್ತು. ಈ ಗಾಡಿಗೆ ಇಂಜಿನ್ ಇರುವುದು ಹಿಂದೆ.

ಪ್ರತಾಪ — ಗಬ್ಬೂರ ಬೈಪಾಸಿನಲ್ಲಿ ಸೆಕೆಂಡ್ ಹ್ಯಾಂಡ್ ದೊಡ್ಡ ಗಾಡಿಗಳನ್ನು ಮಾರುವವನು — ನಾನು ಬರುವ ಮುಂಚೆಯೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದ. ಬಿಸಿಯಾದ ಇಂಜಿನ್ ಎಲ್ಲರಿಗೂ ಒಳ್ಳೆಯದನ್ನೇ ಹೇಳುತ್ತದೆ. ರಾತ್ರಿಯಿಡೀ ತಣ್ಣಗೆ ನಿಂತದ್ದನ್ನು ಬೆಳಿಗ್ಗೆ ಮೊದಲ ಸಲ ಚಾಲೂ ಮಾಡಬೇಕು. ಆಗ ಕೇಳುವುದೇ ಅದರ ಖರೇ ದನಿ. ನಾಳೆ ಬರುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಎಂದೆ. ಅವನ ಮಾತಿನ ಮೇಲೆ ಭರವಸೆ ಸಾಲದೆ ಕೀಲಿಯನ್ನೇ ಪರ್ಸಿಗೆ ಹಾಕಿಕೊಂಡು ಬಂದೆ.

ಮಂದಿಯ ಗಾಡಿ ಕೀಲಿ ಯಾರಾದರೂ ಮನೆಗೆ ತರುತ್ತಾರೇನು ಎಂದು ಅಮ್ಮಿ ಬೈದರು. ನಾನು ತರುತ್ತೇನೆ. ಹುಬ್ಬಳ್ಳಿ-ಧಾರವಾಡದಲ್ಲಿ ಕೋಟಿ ಬಾಳುವ ಹಳೆಯ ಗಾಡಿ ಕೈ ಬದಲಾಗುವ ಮುಂಚೆ ಕೊಳ್ಳುವವರು ಕೇಳುವ ಮೊದಲ ಮಾತು, "ತಸ್ಲೀಮಾ ನೋಡ್ಯಾಳೇನು?" ಡೀಲರುಗಳಿಗೆ ನನ್ನ ಕಂಡರೆ ಹೊಟ್ಟೆ ಉರಿ. ಉರಿಯಲಿ.

ಈ ಸಲ ಕೊಳ್ಳುವವರು ರಜನಿ. ತಾರಿಹಾಳದಲ್ಲಿ ಅವರದು ಹತ್ತಿ ಜಿನ್ನಿಂಗ್ ಮಿಲ್. ಅಪ್ಪ ಗುರುಸಿದ್ದಯ್ಯನವರು ಶುರು ಮಾಡಿದ್ದು, ಈಗ ಮಗಳೇ ನಡೆಸುತ್ತಾರೆ. ಗಾಡಿ ಹಳದಿ, ಎರಡೇ ಬಾಗಿಲು, ಜರ್ಮನ್ ಸ್ಪೋರ್ಟ್ಸ್ ಕಾರು. ಸಾಲಿ ಕಲಿಯುವಾಗಿನಿಂದ ಅದರ ಚಿತ್ರ ಕಪಾಟಿನ ಬಾಗಿಲಿಗೆ ಅಂಟಿಸಿಕೊಂಡಿದ್ದರಂತೆ. ಷರತ್ತು ಒಂದೇ — ಬಣ್ಣ ಪೂರ್ತಿ ಕಂಪನಿಯದ್ದೇ ಇರಬೇಕು, ಎಲ್ಲಿಯೂ ಬಡಿದಿರಬಾರದು. ಪ್ರತಾಪ ಆಣೆ ಮಾಡಿ ಹೇಳಿದ್ದಾನೆ. ರಜನಿಗೆ ಅವನ ಆಣೆ ಬೇಡ. "ನೀವು ಹೂಂ ಅಂದ್ರ ತಗೋತೇನ್ರಿ. ಊಹೂಂ ಅಂದ್ರ ಬಿಡ್ತೇನಿ" ಎಂದು ಫೋನಿನಲ್ಲಿ ಹೇಳಿದರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಜನವರಿ 7, ಬುಧವಾರ, ಬೆಳಿಗ್ಗೆ

ಏಳಕ್ಕೇ ಹೋದೆ. ತಣ್ಣಗಿತ್ತು. ಚಾಲೂ ಮಾಡಿದೆ. ಒಮ್ಮೆ ಗುಡುಗಿ, ಆಮೇಲೆ ಒಂದೇ ಸಮ. ಹೊಗೆ ಇಲ್ಲ, ಟಕಟಕ ಇಲ್ಲ. ಸ್ಕ್ಯಾನರ್ ಹಚ್ಚಿದೆ. ಇಂಜಿನ್ನನ್ನು ಯಾರೂ ಮಿತಿ ಮೀರಿ ತಿರುಗಿಸಿಲ್ಲ. ಬ್ರೇಕು, ಟಯರು, ಸಸ್ಪೆನ್ಶನ್, ಎಲ್ಲ ಛಲೋ. ಯಾರೋ ಕಾಳಜಿಯಿಂದ ಇಟ್ಟುಕೊಂಡ ಗಾಡಿ.

ಆಮೇಲೆ ಬಣ್ಣ. ಮೀಟರ್ ಹಿಡಿದು ಸುತ್ತ ಅಳೆದೆ. ಎಲ್ಲ ಕಡೆ ಬಣ್ಣದ ದಪ್ಪ ಕಂಪನಿಯದ್ದೇ. ತಗ್ಗಿಗೆ ಲಾಂಬಿ, ಅಂದರೆ ಪುಟ್ಟಿ, ತುಂಬಿದ್ದರೆ ಮೀಟರ್ ಸುಮ್ಮನಿರುತ್ತಿರಲಿಲ್ಲ. ಮೀಟರ್ ಮುಗಿದ ಮೇಲೆ, ಸಣ್ಣವಳಿದ್ದಾಗ ಅಬ್ಬಾ ಕಲಿಸಿದ ಪರೀಕ್ಷೆ. ಅಂಗೈ ಕೆಳಗೆ ಗರಗದ ತೆಳು ಖಾದಿಯ ತುಂಡು ಇಟ್ಟುಕೊಂಡು, ಕಣ್ಣು ಮುಚ್ಚಿ, ಸಾವಕಾಶ ಸವರುವುದು. ಬರೀ ಕೈ ಬಣ್ಣಕ್ಕೆ ಅಂಟುತ್ತದೆ. ಬಟ್ಟೆ ಇದ್ದರೆ ಕೂದಲಷ್ಟು ತಗ್ಗು ಇದ್ದರೂ ಕೈಗೆ ಸಿಗುತ್ತದೆ. ಏನೂ ಸಿಗಲಿಲ್ಲ.

ವರದಿಯಲ್ಲಿ ಹೂಂ ಎಂದು ಬರೆಯುವವಳಿದ್ದೆ. ಏಳಬೇಕೆಂದು ಎಡ ಮಗ್ಗಲಲ್ಲಿ ಕೈ ಊರಿದೆ. ಹಿಂದಿನ ಚಕ್ರದ ಮೇಲಿನ ಪ್ಯಾನೆಲ್ಲಿನಲ್ಲಿ ಶೆಡ್ಡಿನ ಟ್ಯೂಬ್‌ಲೈಟ್ ಕಂಡಿತು. ನೆಟ್ಟಗೆ. ಸೂಜಿಯಲ್ಲಿ ಗೆರೆ ಕೊರೆದಷ್ಟು ನೆಟ್ಟಗೆ.

ಬಾಗಿಲಿಗೆ ಬಂದು ನೋಡಿದೆ. ಅದೇ ಟ್ಯೂಬ್‌ಲೈಟ್, ಅಂಚು ಸ್ವಲ್ಪ ನಡುಗಿದಂತೆ. ಬಲ ಮಗ್ಗಲು, ಅಲ್ಲೂ ನಡುಕ. ಇಡೀ ಗಾಡಿಗೆ ಹಾಗೇ. ಅದು ಸಹಜ, ಕಂಪನಿಯಲ್ಲಿ ಮಷಿನ್ ಹೊಡೆಯುವ ಬಣ್ಣಕ್ಕೆ ಕಿತ್ತಳೆ ಹಣ್ಣಿನ ಸಿಪ್ಪೆಯಂಥ ಸಣ್ಣ ಸುಕ್ಕು ಇದ್ದೇ ಇರುತ್ತದೆ. ಆ ಒಂದು ಪ್ಯಾನೆಲ್ಲಿಗೆ ಮಾತ್ರ ಸುಕ್ಕೇ ಇಲ್ಲ.

ಯಾರೋ ಅದನ್ನು ಕಂಪನಿಗಿಂತ ಚೆನ್ನಾಗಿ ಮಾಡಿದ್ದಾರೆ.

ಈ ಊರಲ್ಲಿ ಅಷ್ಟು ನೆಟ್ಟಗೆ ಬಣ್ಣ ಕೂರಿಸುವ ಮನುಷ್ಯ ಒಬ್ಬರೇ. ಅವರು ಎರಡು ವರ್ಷದ ಹಿಂದೆ ಕೆಲಸ ಬಿಟ್ಟರು. ಬಣ್ಣದ ಧೂಳಿಗೆ ಪುಪ್ಪುಸ ಕೆಟ್ಟಿದೆ ಎಂದು ಡಾಕ್ಟರ್ ಹೇಳಿದ ದಿನ ನಮ್ಮ ಗ್ಯಾರೇಜಿನ ಶಟರ್ ಎಳೆದವಳು ನಾನೇ.

ಅದೇ ದಿನ, ಸಂಜೆ

ಅಬ್ಬಾ ಅಂಗಳದಲ್ಲಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದರು. ಗಿರಾಕಿಗಳ ಜೊತೆ ನಲವತ್ತು ವರ್ಷ ಮಾತಾಡಿ ಮನೆಯಲ್ಲೂ ಅರ್ಧ ಕನ್ನಡವೇ. ಎದುರಿಗೆ ಕೂತು, ಪ್ರತಾಪನ ಹಳದಿ ಗಾಡಿ ನೀವೇ ಮಾಡಿದ್ದಲ್ಲವೇ ಎಂದು ಕೇಳಿದೆ. ತಲೆ ಎತ್ತಲಿಲ್ಲ.

"ಮಷಿನ್ಯಾಗ ಸಿಕ್ತೇನು?"

ಇಲ್ಲ ಎಂದೆ.

"ಕೈಗೆ?"

ಕೈಗೂ ಇಲ್ಲ.

"ಮತ್ತ?"

ಟ್ಯೂಬ್‌ಲೈಟ್ ನೆಟ್ಟಗೆ ಕಂಡಿತು ಎಂದೆ. ಬಳ್ಳೊಳ್ಳಿ ಕೆಳಗಿಟ್ಟು ನಕ್ಕರು. ನಕ್ಕು ನಕ್ಕು ಕೆಮ್ಮಿದರು. ಅಮ್ಮಿ ನೀರು ತಂದು ಕೊಟ್ಟು ನನ್ನನ್ನೇ ಬೈದರು.

ಆಮೇಲೆ ಎಲ್ಲ ಹೇಳಿದರು. ಶಟರ್ ಎಳೆದ ಮೇಲೆ ನಾನು ಸ್ಕ್ಯಾನರ್ ಕಲಿಯಲು ಪುಣೆಗೆ ಹೋಗಿದ್ದೆನಲ್ಲ, ಆಗಿನದು. ಆಗ ಗಾಡಿ ಪ್ರತಾಪನ ಅಳಿಯನದು. ರಿವರ್ಸ್ ತೆಗೆಯುವಾಗ ಗೋಡೌನ್ ಕಂಬಕ್ಕೆ ತಾಗಿಸಿದ್ದ. ಪ್ರತಾಪ ಬಂದು ಕೈ ಹಿಡಿದುಕೊಂಡ. ಅಬ್ಬಾ ಗ್ಯಾರೇಜಿನ ಹಿಂಬಾಗಿಲು ತೆಗೆದರು. ಲಾಂಬಿ ಮುಟ್ಟಲಿಲ್ಲ, ತಗಡನ್ನೇ ಒಳಗಿನಿಂದ ಬಡಿದು ಬಡಿದು ಮೊದಲಿನ ಆಕಾರಕ್ಕೆ ತಂದರು. ಬಣ್ಣವನ್ನೂ ಕಂಪನಿಯಷ್ಟೇ ದಪ್ಪಕ್ಕೆ ಹೊಡೆದರು. ಮಾರುವ ಮಾತು ಆಗ ಇರಲೇ ಇಲ್ಲವಂತೆ.

ಸಿಟ್ಟು ಬಂತು. ಪುಪ್ಪುಸ ಏನಾಗಬೇಕು ಎಂದು ಕೂಗಾಡಿದೆ. ಕೂಗಾಡುತ್ತಲೇ ಹೆಮ್ಮೆಯಾಗುತ್ತಿತ್ತು, ಅದನ್ನು ಎಲ್ಲಿ ಇಟ್ಟುಕೊಳ್ಳಲಿ.

ಒಂದು ಮಾತ್ರ ತಿಳಿಯಲಿಲ್ಲ. ಕಂಪನಿಯ ಸುಕ್ಕನ್ನು ಹಾಗೇ ನಕಲು ಮಾಡಿ, ಹೊಸದು ಯಾವುದು ಹಳೆಯದು ಯಾವುದು ಎಂದು ಯಾರಿಗೂ ತಿಳಿಯದಂತೆ ಕೂಡಿಸುವುದೇ ಅಬ್ಬಾರ ಕಸುಬು. ಇದರಲ್ಲಿ ಯಾಕೆ ಹಾಗೆ ಮಾಡಲಿಲ್ಲ?

"ಇದು ನನ್ನ ಕಡೀ ಕೆಲಸ ಅಂತ ಗೊತ್ತಿತ್ತು ಬೇಟಿ. ನಲವತ್ತು ವರ್ಷ ಅವರ ಸುಕ್ಕು ನಾ ಮಾಡೇನಿ. ಇದೊಂದರಾಗ ಮನಸ್ಸು ಒಪ್ಪಲಿಲ್ಲ."

ಬಳ್ಳೊಳ್ಳಿ ಮತ್ತೆ ಕೈಗೆತ್ತಿಕೊಂಡು, ಇದನ್ನು ಬರೆಯಬೇಡ ಎಂದರು. ಯಾವತ್ತೂ ನನ್ನ ಹತ್ತಿರ ಏನೂ ಬೇಡದ ಮನುಷ್ಯ.

"ನಾ ಮುಟ್ಟಿದ್ದು ಇವತ್ತಿನತನಕ ಯಾರಿಗೂ ಗೊತ್ತಾಗಿಲ್ಲ. ಅದಽ ನನ್ನ ಹೆಸರು. ನೀ ರಿಪೇರಿ ಅಂತ ಬರದ್ರ ಅದು ಒಡದ ಗಾಡಿ ಆಗ್ತದ, ನಾ ಮುಚ್ಚಿಟ್ಟಾವ ಆಗ್ತೇನಿ."

ಜನವರಿ 8, ಗುರುವಾರ

ಗಾಡಿಯನ್ನು ತಾರಿಹಾಳದಲ್ಲಿ ಗೆಳೆಯ ಹಫೀಜನ ವರ್ಕ್‌ಶಾಪಿಗೆ ಒಯ್ದು ಲಿಫ್ಟಿಗೆ ಏರಿಸಿದೆ. ಹಫೀಜ ಒಂದು ಕಡೆ, ನಾನೊಂದು ಕಡೆ. ಚಾಸಿಗೆ ಏನೂ ಆಗಿಲ್ಲ. ಪೆಟ್ಟು ಆ ಪ್ಯಾನೆಲ್ ದಾಟಿ ಒಳಗೆ ಹೋಗಿಲ್ಲ. ಅಂದರೆ ಗಾಡಿ ಗಟ್ಟಿ. ಕೊಳ್ಳಬಹುದು. ಆದರೆ ರಜನಿ ಕೇಳಿದ ಪ್ರಶ್ನೆ ಅದಲ್ಲವಲ್ಲ.

ಬರೆಯದಿದ್ದರೆ ಯಾರಿಗೂ ಎಂದಿಗೂ ತಿಳಿಯುವುದಿಲ್ಲ. ಯಾವ ಮಷಿನ್ನಿಗೂ ಸಿಗದು. ರಜನಿಗೆ ಖುಷಿ, ಪ್ರತಾಪನಿಗೆ ಖುಷಿ, ಅಬ್ಬಾರಿಗೆ ಖುಷಿ. ಕೆಳಗೆ ನನ್ನ ಸಹಿ ಇರುತ್ತದೆ, ಅಷ್ಟೇ. ನಾನು ಹೂಂ ಅಂದರೆ ಕೊಳ್ಳುತ್ತೇನೆ ಎಂದ ಹೆಣ್ಣುಮಗಳಿಗೆ ಕೊಟ್ಟ ಸಹಿ.

ಬರೆದೆ. ಹೀಗೆ ಬರೆದೆ —

"ಎಡ ಹಿಂಬದಿಯ ಪ್ಯಾನೆಲ್ ರಿಪೇರಿಯಾಗಿದೆ, ಬಣ್ಣ ಹೊಸದು. ಚಾಸಿಗೆ ಪೆಟ್ಟಿಲ್ಲ. ಕೆಲಸ ಕಂಪನಿಯ ಕೆಲಸಕ್ಕಿಂತ ಉತ್ತಮವಾಗಿದೆ, ಗುರುತು ಸಿಕ್ಕಿದ್ದು ಅದರಿಂದಲೇ. ಮಾಡಿದವರು ಅಲ್ಲಾವುದ್ದೀನ ಪೇಂಟರ್, ಗಬ್ಬೂರ. ಇವರು ನನ್ನ ತಂದೆ. ಬೇಕಿದ್ದರೆ ಬೇರೆಯವರಿಗೂ ತೋರಿಸಿಕೊಳ್ಳಿ."

ಜನವರಿ 9, ಶುಕ್ರವಾರ

ಕಳಿಸುವ ಮುಂಚೆ ಅಬ್ಬಾರಿಗೆ ಕೊಟ್ಟೆ. ಚಸ್ಮಾ ಹಾಕಿಕೊಂಡು ಬೆರಳಿಟ್ಟು ಓದಿದರು. ಮಡಚಿ ವಾಪಸ್ ಕೊಟ್ಟು ನಮಾಜಿಗೆ ಹೋದರು.

ವರದಿ ಓದಿ ರಜನಿ ಫೋನ್ ಮಾಡಿದರು. ಅಪ್ಪನನ್ನು ಕೇಳಿ ಹೇಳುತ್ತೇನೆ ಎಂದರು. ದನಿ ಇಳಿದಿತ್ತು. ಕಪಾಟಿನ ಮೇಲಿನ ಚಿತ್ರ ನೆನಪಾಯಿತು, ಪಾಪ ಅನಿಸಿತು.

ಪ್ರತಾಪ ಮಾತ್ರ ಸುಮ್ಮನಿರಲಿಲ್ಲ. ಇನ್ನು ನನ್ನ ಯಾರ್ಡಿಗೆ ಕಾಲಿಡಬೇಡ ಎಂದ. ಸ್ವಂತ ಅಪ್ಪನ ಹೆಸರು ಹಾಕಲು ನಾಚಿಕೆ ಇಲ್ಲವೇ ಎಂದ. ನಾಚಿಕೆ ಯಾಕೆ, ಹೆಮ್ಮೆಯಿಂದ ಹಾಕಿದ್ದೇನೆ ಎಂದು ಫೋನ್ ಇಟ್ಟೆ.

ಜನವರಿ 12, ಸೋಮವಾರ

ಅಬ್ಬಾ ಮಾತಾಡುತ್ತಿಲ್ಲ. ಚಹಾ ಬೇಕಾದರೂ ಅಮ್ಮಿಗೆ ಹೇಳಿ, ಅಮ್ಮಿ ನನಗೆ ಹೇಳಬೇಕು. ಒಂದೇ ಅಂಗಳದಲ್ಲಿ ಮೂವರು!

ಸಿಟ್ಟು ನನಗೂ ಬರುತ್ತದೆ. ಖಾದಿ ಕೈಗೆ ಕೊಟ್ಟು ಕಣ್ಣು ಮುಚ್ಚು ಎಂದವರು ಇವರೇ. ಈಗ ಕಣ್ಣು ತೆರೆದೆ ಎಂದು ಮುನಿಸು.

ಜನವರಿ 15, ಗುರುವಾರ

ಅಬ್ಬಬ್ಬಾ, ಎಂಥ ದಿನ. ಪೂರ್ತಿ ಬರೆಯಲೇಬೇಕು.

ಹತ್ತರ ಸುಮಾರು ಬಾಗಿಲಿಗೆ ಮಿಲ್ಲಿನ ಗಾಡಿ ಬಂದು ನಿಂತಿತು. ರಜನಿ, ಜೊತೆಗೆ ಗುರುಸಿದ್ದಯ್ಯನವರು. ಬಿಳಿ ಧೋತರ, ಹಣೆಗೆ ವಿಭೂತಿ, ಕೈಯಲ್ಲಿ ಸಂಕ್ರಾಂತಿಯ ಕುಸುರೆಳ್ಳಿನ ಡಬ್ಬಿ. ಕೂಡಿ ಅಂದರೂ ಕೂಡಲಿಲ್ಲ. ಆ ಕೆಲಸ ಮಾಡಿದವರು ಯಾರು, ಅವರೂ ಬರಲಿ, ಹಳದಿ ಗಾಡಿ ಹತ್ತಿರ ಹೋಗೋಣ ಎಂದರು. ಅಬ್ಬಾರ ಮುಖ ಸುಣ್ಣ. ಜುಬ್ಬಾ ಬದಲಿಸಿಕೊಂಡು ನನ್ನ ಕಡೆ ನೋಡದೆ ಹತ್ತಿದರು.

ಪ್ರತಾಪ ಗಿರಾಕಿಯನ್ನು ಕಂಡು ನನ್ನನ್ನೂ ಒಳಗೆ ಬಿಟ್ಟ. ಬಿಡದೆ ಏನು ಮಾಡುತ್ತಾನೆ.

ಒಂದು ಪ್ಯಾನೆಲ್ ರಿಪೇರಿ ಎಂದಷ್ಟೇ ರಜನಿ ಅಪ್ಪನಿಗೆ ಹೇಳಿದ್ದರಂತೆ, ಯಾವುದೆಂದು ಹೇಳಿರಲಿಲ್ಲ. ಹೇಳಬೇಡ ಎಂದು ಗುರುಸಿದ್ದಯ್ಯನವರೇ ಅಂದಿದ್ದರು. ಮುಟ್ಟಿಯೇ ಹತ್ತಿಯ ದರ್ಜೆ ಹೇಳುವವನು ನಾನು, ತಗಡು ಯಾವ ಲೆಕ್ಕ ಎಂದು ತೋಳು ಏರಿಸಿದರು. ಸುತ್ತ ನಡೆದರು. ಬಗ್ಗಿ ನೋಡಿದರು. ಉಗುರಿನಿಂದ ತಟ್ಟಿದರು. ಟ್ಯೂಬ್‌ಲೈಟ್ ಕೆಳಗೆ ಎಡ ಮಗ್ಗಲಲ್ಲಿ ನಿಂತರು. ದಾಟಿ ಹೋದರು. ಬಲ ಹಿಂಬದಿಗೆ ಬಂದು ಕೈ ಇಟ್ಟರು.

"ಇದಽ ನೋಡ್ರಿ. ಸುಕ್ಕು ಸುಕ್ಕು ಅದ. ತಪ್ಪು ತಿಳಕೋಬ್ಯಾಡ್ರಿ ಸಾಹೇಬ್ರ, ಕೆಲಸ ಸುಮಾರ ಆಗೇದ."

ಪ್ರತಾಪ ಕಂಬ ನೋಡುತ್ತಿದ್ದ. ರಜನಿ ದುಪಟ್ಟಾ ಬಾಯಿಗೆ ಒತ್ತಿಕೊಂಡರು. ಅಬ್ಬಾ ಮುಂದೆ ಬಂದರು. ದನಿ ಬಹಳ ಮೆತ್ತಗೆ.

"ಅದು ಜರ್ಮನಿಯವ್ರು ಮಾಡಿದ್ರಿ ಯಜಮಾನ್ರ. ನಂದು ಈ ಕಡಿ ಅದ."

ಗುರುಸಿದ್ದಯ್ಯನವರು ಎಡಕ್ಕೆ ಬಂದರು. ಟ್ಯೂಬ್‌ಲೈಟಿನ ಗೆರೆ ನೋಡಿದರು. ಮತ್ತೆ ಬಲಕ್ಕೆ ಹೋದರು, ಮತ್ತೆ ಎಡಕ್ಕೆ ಬಂದರು. ಆಮೇಲೆ ಇಡೀ ಶೆಡ್ಡು ಕೇಳುವಂತೆ ನಕ್ಕರು. ಡಬ್ಬಿ ತೆಗೆದು ಅಬ್ಬಾರ ಅಂಗೈಗೆ ಕುಸುರೆಳ್ಳು ಸುರಿದರು. ಹಾಗಾದರೆ ಉಳಿದ ಗಾಡಿಯನ್ನೂ ಹೀಗೇ ಮಾಡಿಕೊಡಿ, ಮಗಳು ಅರ್ಧ ಸುಕ್ಕಿನ ಗಾಡಿ ಯಾಕೆ ಓಡಿಸಬೇಕು ಎಂದರು. ಪ್ರತಾಪನ ಕಡೆ ತಿರುಗಿ, ಆಣೆ ಮಾಡಿ ಸುಳ್ಳು ಹೇಳಿದ್ದಕ್ಕೆ ರೇಟು ಇಳಿಯಬೇಕು ಎಂದೂ ಅಂದರು. ಇಳಿಯಿತು.

ಡಾಕ್ಟರ್ ಮಾತು ನೆನಪಾಗಿ ನಾನು ಬಾಯಿ ತೆರೆಯುವಷ್ಟರಲ್ಲಿ ಅಬ್ಬಾರೇ ಹೇಳಿದರು:

"ನನ್ನ ಮಗಳು ಮಾಡ್ತಾಳ್ರಿ. ನಾ ಕುಂತು ನೋಡ್ತೇನಿ."

ನನ್ನನ್ನು ಕೇಳಲೇ ಇಲ್ಲ! ಇರುವ ಬಣ್ಣದ ಸುಕ್ಕನ್ನು ನೀರು ಹಾಕಿ ತಿಕ್ಕುವ ಕೆಲಸ, ಧೂಳು ಏಳುವುದಿಲ್ಲ, ಅದು ಸರಿ. ಆದರೆ ನಾನು ನೋಡುವವಳು, ಮಾಡುವವಳಲ್ಲ. ರಜನಿ ನನ್ನ ಕೈ ಹಿಡಿದು, "ನೀವು ಬರೀಲಿಲ್ಲಾಂದ್ರ ನಮಗ ಇವರು ಸಿಗ್ತಿದ್ದಿಲ್ಲ" ಎಂದರು. ಕಣ್ಣು ತುಂಬಿತು. ತುಂಬಲಿ ಎಂದು ಬಿಟ್ಟೆ.

ಮನೆಗೆ ಬಂದ ಮೇಲೆ ಅಬ್ಬಾ ಕರೆದರು. ಆರು ದಿನದ ಮೇಲೆ ಮೊದಲ ಮಾತು. ಆ ಕಾಗದ ಇನ್ನೊಮ್ಮೆ ಓದು ಎಂದರು. ನೀವೇ ಓದಿದಿರಲ್ಲ ಎಂದೆ. ನೀನು ಓದು, ಅಮ್ಮಿ ಕೇಳಲಿ ಎಂದರು. ಓದಿದೆ. ತಮ್ಮ ಹೆಸರು ಬಂದಾಗ ಟೊಪ್ಪಿ ಸರಿ ಮಾಡಿಕೊಂಡರು.

ಜನವರಿ 19, ಸೋಮವಾರ, ಊಟದ ಹೊತ್ತು

ಗ್ಯಾರೇಜಿನ ಶಟರ್ ಈ ಸಲ ಅಬ್ಬಾ ಎತ್ತಿದರು. ಮೂಗಿಗೆ ಮಾಸ್ಕ್ ನಾನೇ ಕಟ್ಟಿ ಕುರ್ಚಿಯಲ್ಲಿ ಕೂರಿಸಿದೆ. ಕುರ್ಚಿಯಲ್ಲಿ ಕೂತದ್ದು ಹತ್ತು ನಿಮಿಷ.

ಬೆಳಿಗ್ಗೆಯಿಂದ ಮುಂದಿನ ಬಾನೆಟ್ಟು ಮಾತ್ರ. ನೀರು, ನುಣುಪು ಪಾಲಿಶ್ ಪೇಪರ್, ಮತ್ತೆ ನೀರು. ಭುಜ ಬಿದ್ದು ಹೋಗಿದೆ. ಕೊನೆಗೆ ಒರೆಸಿ ಟ್ಯೂಬ್‌ಲೈಟ್ ಹಚ್ಚಿದೆ. ನೆಟ್ಟಗಿತ್ತು. ನನ್ನ ಕೈಯಿಂದ ಆದದ್ದು! ಹಫೀಜನಿಗೆ ಫೋಟೋ ಕಳಿಸಿದೆ.

ಅಬ್ಬಾ ಎದ್ದು ಬಂದರು. ಖಾದಿ ಹಾಸಿ, ಅಂಗೈ ಇಟ್ಟು, ಕಣ್ಣು ಮುಚ್ಚಿ ಸವರಿದರು. ಒಂದು ಕಡೆ ನಿಂತರು. ಇಲ್ಲಿ, ಎಂದರು. ನಾನು ಕೈ ಇಟ್ಟೆ, ಏನೂ ಸಿಗಲಿಲ್ಲ. ನನ್ನ ಕೈ ಮೇಲೆ ತಮ್ಮ ಕೈ ಇಟ್ಟು ಸಾವಕಾಶ ಸರಿಸಿದರು. ಇತ್ತು. ಇರಲಿಲ್ಲ ಅನ್ನುವಷ್ಟು ಇತ್ತು. ಸರಿ ಮಾಡಿದೆ. ಮತ್ತೆ ಸವರಿ ನೋಡಿ, "ಹೂಂ" ಎಂದರು. ಒಂದೇ ಹೂಂ. ಆ ಹೂಂ ಮುಂದೆ ನನ್ನ ಹೂಂ ಏನೂ ಅಲ್ಲ.

ರೊಟ್ಟಿ ಮುರಿಯುತ್ತ ಇದನ್ನು ಬರೆಯುತ್ತಿದ್ದೇನೆ. ಅಬ್ಬಾ ಆಗಲೇ ಊಟ ಬಿಟ್ಟು ಎದ್ದಿದ್ದಾರೆ. ಕೂಗುತ್ತಿದ್ದಾರೆ. ಗಾಡಿಯ ಬಾಗಿಲಿನ ಮೇಲೆ ಸುಕ್ಕು ಸಿಕ್ಕಿದೆಯಂತೆ, ಹೀಗೇನು ಕೆಲಸ ಮಾಡುವುದು ಎಂದು ನನಗೆ ಬೈಗುಳ. ಬಾಗಿಲು ನಾನಿನ್ನೂ ಮುಟ್ಟೇ ಇಲ್ಲ, ಅದು ಜರ್ಮನಿಯವರ—