ಡ್ರೋನಿನ ಹೊಟ್ಟೆಗೆ ಕಟ್ಟಿದ ದೀಪ

ಮನೆಯಿಂದ,
ಶುಕ್ರವಾರ, ರಾತ್ರಿ ಎರಡು ದಾಟಿದೆ

ಪ್ರೀತಿಯ ಅಕ್ಕಾ,

ಎರಡು ಗಂಟೆಗೆ ಚಾರ್ಜರ್ ಕೂಗಿ ಎಚ್ಚರವಾಯಿತು. ನಿದ್ದೆ ಮಾಡುತ್ತಿದ್ದೆ ಎಂದರೆ ಸುಳ್ಳಾದೀತು, ಕಣ್ಣು ಮುಚ್ಚಿಕೊಂಡಿತ್ತು ಅಷ್ಟೆ. ಇವರು ಸಂಜೆ ಹೊರಡುವ ಗಡಿಬಿಡಿಯಲ್ಲಿ ಊಟದ ಮೇಜಿನ ಮೇಲೆ ಡ್ರೋನಿನ ಒಂದು ಬ್ಯಾಟರಿ ಚಾರ್ಜಿಗಿಟ್ಟು ಮರೆತುಹೋಗಿದ್ದಾರೆ. ತುಂಬಿದ ಮೇಲೆ ಯಾರಾದರೂ ಬಂದು ಬಿಡಿಸುವ ತನಕ ಆ ಯಂತ್ರ ಕೀಂ ಕೀಂ ಎಂದು ಬಡಿದುಕೊಳ್ಳುತ್ತಲೇ ಇರುತ್ತದೆ, ಥೇಟ್ ನಮ್ಮ ಗುಬ್ಬಿಯ ಹಾಗೆ. ಓಡಿಹೋಗಿ ವೈರು ಕಿತ್ತೆ. ಪುಣ್ಯಕ್ಕೆ ಮಗು ಏಳಲಿಲ್ಲ. ನನಗೆ ಮಾತ್ರ ಮತ್ತೆ ಮಲಗಲಾಗಲಿಲ್ಲ. ಆಮೇಲೆ ನೆನಪಾಯಿತು, ಕೆಳಮನೆಯ ಆಂಬುಲೆನ್ಸ್ ಡ್ರೈವರ್ ಬೆಳಗಿನ ಜಾವ ನಿಮ್ಮ ಹೆಲಿಕಾಪ್ಟರ್ ನಿಲ್ಲುವ ಜಾಗಕ್ಕೇ ಡ್ಯೂಟಿಗೆ ಹೋಗುತ್ತಾನೆ. ಅವನ ಕೈಯಲ್ಲಿ ಒಂದು ಕಾಗದ ಕಳಿಸೋಣ ಎಂದು ಕೂತಿದ್ದೇನೆ. ಫೋನಾದರೆ ಕತ್ತರಿಸಿಬಿಡುತ್ತೀ. ಕಾಗದವನ್ನು ಕತ್ತರಿಸಿದರೂ ಚೂರು ಜೋಡಿಸಿ ಓದುವವಳೇ ನೀನು, ನನಗೆ ಗೊತ್ತು.

ಹೇಗಿದ್ದೀಯ? ಕುತ್ತಿಗೆ ನೋವು ಇಳಿಯಿತಾ? ಆ ಭಾರದ ಹೆಲ್ಮೆಟ್ ಹಾಕಿಕೊಂಡು ದಿನವಿಡೀ ಕೆಳಗೆ ಬಗ್ಗಿ ನೋಡಿದರೆ ಕುತ್ತಿಗೆ ಉಳಿಯುತ್ತದಾ ಹೇಳು. ಬಿಸಿನೀರಿನ ಚೀಲ ಇಟ್ಟುಕೋ. ಕೆಮ್ಮು ಹೇಗಿದೆ? ಇಲ್ಲಿ ಮೂರನೇ ಮಹಡಿಯಲ್ಲಿ ಕೂತ ನಮಗೇ ಗಂಟಲು ಸುಟ್ಟುಹೋಗಿದೆ, ಇನ್ನು ಹೊಗೆಯೊಳಗೇ ಹಾರುವ ನಿನ್ನ ಗತಿ ಏನೋ. ನಿನ್ನ ದನಿ ಕೇಳಿ ವಾರದ ಮೇಲಾಯಿತು. ಗುಬ್ಬಿ ಚೆನ್ನಾಗಿದ್ದಾಳೆ. ಕೆಳಗಡೆ ಎರಡು ಹಲ್ಲು ಬಂದಿವೆ, ಮೊನ್ನೆ ನನ್ನ ಹೆಗಲ ಮೇಲೆ ಪರೀಕ್ಷೆ ಮಾಡಿಯೂ ನೋಡಿದಳು. ರಾತ್ರಿ ಅವಳ ಉಸಿರು ಕೊರ ಕೊರ ಎನ್ನುತ್ತದೆ. ಕಿಟಕಿಗೆಲ್ಲ ಒದ್ದೆ ಬಟ್ಟೆ ಕಟ್ಟಿದ್ದೇನೆ, ಬೆಳಗಾಗುವಷ್ಟರಲ್ಲಿ ಅವು ಒಲೆ ಒರೆಸಿದ ಬಟ್ಟೆಯ ಹಾಗೆ ಕಪ್ಪಾಗಿರುತ್ತವೆ. ಹಿಂದಿನ ಗುಡ್ಡ ಹಗಲು ಬರೀ ಹೊಗೆ. ರಾತ್ರಿಯಾದರೆ ಅದರ ತುಂಬ ಕೆಂಪು ಗೀರುಗಳು, ಯಾರೋ ಬಿಸಿ ಸೂಜಿಯಲ್ಲಿ ಹೊಲಿಗೆ ಹಾಕಿದಂತೆ. ನೋಡಬಾರದೆಂದುಕೊಂಡೇ ಹತ್ತು ಸಲ ನೋಡುತ್ತೇನೆ.

ನಿನಗೆ ಸಿಟ್ಟು ಬಂದಿದ್ದರಲ್ಲಿ ತಪ್ಪೇನೂ ಇಲ್ಲ. ಆವತ್ತು ಮುಸ್ಸಂಜೆ ಹೆಲಿಕಾಪ್ಟರಿಗೆ ತೂಗುಹಾಕಿದ ನೀರಿನ ಬಕೆಟ್ ಬೆಂಕಿಯ ಮೇಲೆ ಖಾಲಿ ಮಾಡಿ ನೀನು ತಿರುಗುವಾಗ ಗಾಜಿನ ಪಕ್ಕದಲ್ಲೇ ಬೂದಿ ಬಣ್ಣದ್ದೇನೋ ಸುಯ್ ಎಂದು ಹೋಯಿತಲ್ಲ, ಅದು ನನ್ನ ಗಂಡನ ಡ್ರೋನ್ ಎಂದು ಗೊತ್ತಾದಾಗ ನೀನು ಫೋನಿನಲ್ಲಿ ಆಡಿದ ಮಾತು ಇನ್ನೂ ಕಿವಿಯಲ್ಲಿದೆ. “ನಿನ್ನ ಗಂಡನಿಗೆ ಹೇಳು, ಆಕಾಶ ಅವರಪ್ಪನ ಮನೆ ಅಂಗಳ ಅಲ್ಲ.” ಇವರೂ ಸುಮ್ಮನಿರಬಾರದಿತ್ತಾ? ಪಕ್ಕದಲ್ಲೇ ಕೂತು, “ನಿಮ್ಮಕ್ಕಂಗೆ ಹೇಳು, ಅವರ ಗಿರಣಿ ಬರೋ ಹೊತ್ತು ಅದಲ್ಲ” ಎಂದುಬಿಟ್ಟರು. ಅದು ನಿನಗೆ ಕೇಳಿಸಿತು. ಅಲ್ಲಿಗೆ ಮುಗಿಯಿತು. ಮೊದಲೆಲ್ಲ ಇದೇ ಮಾತು ಊಟದ ಮೇಜಿನ ಮೇಲೆ ತಮಾಷೆಯಾಗಿತ್ತಲ್ಲ ಅಕ್ಕಾ. ನೀನು ಇವರ ಡ್ರೋನಿಗೆ ಸೊಳ್ಳೆ ಅನ್ನುವುದು, ಇವರು ನಿನ್ನ ಹೆಲಿಕಾಪ್ಟರಿಗೆ ಹಿಟ್ಟಿನ ಗಿರಣಿ ಅನ್ನುವುದು. “ಗಿರಣಿಗೆ ಸೊಳ್ಳೆ ಸಿಕ್ಕಿದ್ರೆ ಸೊಳ್ಳೆ ಕತೆ ಮುಗೀತು” ಎಂದು ಇವರು ನಕ್ಕರೆ ನೀನು ನಗದೇ, “ಬಾಲದ ರೆಕ್ಕೆಗೆ ಸಿಕ್ಕಿದ್ರೆ ಗಿರಣಿ ಕತೆನೂ ಮುಗೀತು ಸ್ವಾಮಿ, ಗಿರಣಿಯೊಳಗೆ ನಾವು ಮೂರು ಜನ ಕೂತಿರ್ತೀವಿ” ಎಂದಿದ್ದೆ. ನಾನು ಆಗಲೇ ಅರ್ಧ ಊಟಕ್ಕೆ ತಟ್ಟೆ ಎತ್ತಿಕೊಂಡು ಎದ್ದಿದ್ದೆ. ನೀವಿಬ್ಬರೂ ಅದನ್ನು ಗಮನಿಸಲಿಲ್ಲ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ನನ್ನದು ಅದಕ್ಕಿಂತ ಕಷ್ಟ. ಅತ್ತ ಇರುವವಳು ಅಮ್ಮ ಹೋದ ಮೇಲೆ ನನ್ನ ಜಡೆ ಹೆಣೆದವಳು, ಇತ್ತ ಇರುವವರು ನನ್ನ ಮಗುವಿನ ಅಪ್ಪ. ಓಡಿಹೋಗುವುದಾದರೂ ಎಲ್ಲಿಗೆ?

ಆದರೆ ಒಂದು ಮಾತು ನಿನಗೆ ಗೊತ್ತಾಗಬೇಕು. ಆ ರಾತ್ರಿ ಇವರು ಊಟ ಮಾಡಲಿಲ್ಲ. ಜಂಬ ಎಲ್ಲ ನಿನ್ನ ಕಿವಿಗೆ ಬೀಳಲಿ ಎಂದು, ಅಷ್ಟೆ. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ತುಂಬಾ ಹೊತ್ತು ನಿಂತಿದ್ದರು. ಮರುದಿನವೇ ಸ್ಟ್ರೋಬ್ ಎನ್ನುವ ಮಿಂಚುವ ದೀಪಗಳನ್ನು ತಂದರು. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಅದರದ್ದೇ ಪುಟ್ಟ ಬ್ಯಾಟರಿ, ಮೇಲೊಂದು ಗುಂಡಿ. ಒತ್ತಿದರೆ ಪಟ್ ಪಟ್ ಎಂದು ಬಿಳಿಯ ಬೆಳಕು, ಕಣ್ಣಿಗೆ ಹೊಡೆದ ಹಾಗೆ. ಹಗಲಿನಲ್ಲಿ ಡ್ರೋನ್ ಹಾರಿಸಿ ವಿದ್ಯುತ್ ತಂತಿ ಪರೀಕ್ಷೆ ಮಾಡುವ ಈ ಮನುಷ್ಯನಿಗೆ ರಾತ್ರಿ ದೀಪದ ಗರಜೇ ಬಿದ್ದಿರಲಿಲ್ಲ. ಬೆಂಕಿ ಬಂದ ಮೇಲೆ ತಾನೇ ಅಗ್ನಿಶಾಮಕ ದಳದವರು ಇವರನ್ನೂ ಇನ್ನು ಮೂವರು ಡ್ರೋನಿನವರನ್ನೂ ಕರೆಸಿಕೊಂಡದ್ದು.

ದೀಪ ಅಂಟಿಸುವುದೆಂದರೆ ಹಣೆಗೆ ಬೊಟ್ಟಿಟ್ಟ ಹಾಗೆ ಎಂದುಕೊಂಡಿದ್ದೆ. ಒಂದು ಇಡೀ ಸಂಜೆ ಹಿಡಿಯಿತು. ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿದರು. ಒಂದೇ ಕಡೆ ಭಾರವಾದರೆ ಡ್ರೋನು ಕುಂಟುತ್ತದಂತೆ. ಅಂಟು ಹಿಡಿಯಲೆಂದು ಗುಬ್ಬಿಯ ಸೂಜಿ ಹಾಕಿಸಿದಾಗ ಉಳಿದ ಸ್ಪಿರಿಟ್ಟಿನಲ್ಲಿ ಡ್ರೋನಿನ ಮೈ ಒರೆಸಿದರು. ವೆಲ್ಕ್ರೋ ಪಟ್ಟಿ ಸಾಲದೆ ಬಂದಾಗ ಅವಳ ಚಿಕ್ಕದಾದ ಬೂಟಿನ ಪಟ್ಟಿಯನ್ನೇ ಕತ್ತರಿಸಿಕೊಂಡರು. “ದೊಡ್ಡಮ್ಮನ ಹತ್ರ ಬೈಸಿಕೊಳ್ಳೋದು ತಪ್ಪಿಸ್ತಿದೀಯಲ್ಲ ಮಗಳೇ” ಎಂದು ಅವಳ ಪಾದಕ್ಕೆ ಮುತ್ತಿಟ್ಟರು. ನಿಜ ಅಕ್ಕಾ, ನಾನು ಕಟ್ಟಿ ಹೇಳುತ್ತಿಲ್ಲ. ಮೊದಲು ದೀಪವನ್ನು ಡ್ರೋನಿನ ಬೆನ್ನ ಮೇಲೆ ಕೂರಿಸಿದ್ದರು. ಅದನ್ನು ಹೊತ್ತುಕೊಂಡು ದಳದ ಸಾಹೇಬರ ಎದುರು ಹಾರಿಸಿ ತೋರಿಸಿದರೆ, ಅವರು ಕತ್ತೆತ್ತಿ ಹುಡುಕಿ, “ಎಲ್ರೀ ದೀಪ? ನನಗೇ ಕಾಣದ್ದು ಪೈಲಟ್‌ಗೆ ಕಾಣುತ್ತೇನ್ರೀ?” ಎಂದರಂತೆ. ಇವರು ಏನೋ ಹೇಳಲು ಹೋದರಂತೆ, ಸಾಹೇಬರು ಆಗಲೇ ಜೀಪು ಹತ್ತಿಯಾಗಿತ್ತು. ಮನೆಗೆ ಬಂದು ಕಿತ್ತು ಹೊಟ್ಟೆಯ ಕಡೆ ಕಟ್ಟಿದರು. ಅಲ್ಲಿಯೂ ಮುಂದಕ್ಕೆ ಕಟ್ಟಿದರೆ ಕ್ಯಾಮೆರಾಕ್ಕೆ ಹೊಗೆಯ ಬದಲು ಬರೀ ಬೆಳಕೇ ಕಾಣುತ್ತದೆಂದು ತೀರಾ ಹಿಂದಕ್ಕೆ ಸರಿಸಿದರು. ಅವತ್ತಿಗೆ ಮೂರು ರಾತ್ರಿಯಿಂದ ಅವರು ಮಲಗಿರಲಿಲ್ಲ, ದೀಪ ಕಟ್ಟುತ್ತಲೇ ತೂಕಡಿಸುತ್ತಿದ್ದರು.

ಕಟ್ಟಿದ ಮೇಲೆ ನಾನೇ ಸಾಕ್ಷಿ. ಗುಬ್ಬಿಯನ್ನು ಎತ್ತಿಕೊಂಡು ತಾರಸಿಯಲ್ಲಿ ನಿಂತಿದ್ದೆ. ಇವರು ರಸ್ತೆಯ ಕೊನೆಯಿಂದ ಏರಿಸಿದರು. ಅಬ್ಬಾ, ಎಲ್ಲಿ ಹೋದರೂ ಕಾಣುತ್ತಿತ್ತು. ನೀರಿನ ಟ್ಯಾಂಕಿನ ಮೇಲೆ ಹೋಯಿತು, ಕಂಡಿತು. ಹೊಗೆಯೊಳಗೆ ಹೊಕ್ಕಿತು, ಕಂಡಿತು. ಗುಬ್ಬಿ ಬಾಯಿ ತೆರೆದು ನೋಡುತ್ತಿದ್ದಳು. ಪಕ್ಕದ ಕಟ್ಟಡದ ಹೆಂಗಸರು ಅಂಗಳಕ್ಕೆ ಬಂದು, “ಏನ್ರೀ ಅದು, ನಕ್ಷತ್ರ ಕಿತ್ತು ಬಂತಾ?” ಎಂದರು. ಮರುದಿನ ಸಾಹೇಬರೂ ಮೈದಾನದಲ್ಲಿ ನಿಂತು ನೋಡಿ ಇವರ ಬೆನ್ನು ತಟ್ಟಿದರಂತೆ. ಉಳಿದ ಮೂವರಿಗೂ ಇದೇ ರೀತಿ ಕಟ್ಟಲು ಹೇಳಿದರಂತೆ, ಇವರೇ ನಿಂತು ಕಟ್ಟಿಸಿದ್ದಾರೆ. ಬಹಳ ದಿನದ ಮೇಲೆ ನನ್ನ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದ ಹಾಗಾಯಿತು.

ಈಗ ಇವತ್ತಿನ ಸುದ್ದಿ. ಬೆಂಕಿ ಗುಡ್ಡದ ನೆತ್ತಿಯ ಏಣು ದಾಟಿ ಈಚೆ ಇಳಿದಿದೆ, ವೃದ್ಧರ ಆಸ್ಪತ್ರೆಯ ಹಿಂದಿನ ಇಳಿಜಾರಿಗೆ. ಬೆಳಕು ಹರಿಯುವ ತನಕ ಕಾದರೆ ಅಲ್ಲಿನ ಮುದುಕರನ್ನು ಸಾಗಿಸಲು ಸಮಯವೇ ಸಿಗುವುದಿಲ್ಲವಂತೆ. ಹಾಗಾಗಿ ಈ ಬೆಳಗಿನ ಜಾವ ಇನ್ನೂ ಕತ್ತಲಿರುವಾಗಲೇ ನೀವು ಹಾರುತ್ತೀರಿ, ನಾಲ್ಕು ಡ್ರೋನುಗಳೂ ಇಳಿಯುವುದಿಲ್ಲ, ಗುಡ್ಡದ ಮೇಲೆಯೇ ಇದ್ದು ಎಲ್ಲಿ ಕೆಂಡ ಹೆಚ್ಚಿದೆ ಎಂದು ತೋರಿಸುತ್ತಿರುತ್ತವೆ ಎಂದು ತೀರ್ಮಾನವಾಗಿದೆ. ನಿನಗೂ ಹೇಳಿರುತ್ತಾರೆ. ಇಷ್ಟು ದಿನ ಒಬ್ಬರು ಇಳಿದ ಮೇಲೆ ಇನ್ನೊಬ್ಬರು ಎನ್ನುವ ನಿಯಮ ಇತ್ತು. ಈಗ ದೀಪ ಬಂತಲ್ಲ, ಇಬ್ಬರೂ ಒಟ್ಟಿಗೆ ಹಾರಬಹುದು ಎಂದು ಸಾಹೇಬರೇ ಹೇಳಿದ್ದಾರೆ. “ಬಿಳಿ ದೀಪ ಕಂಡರೆ ಡ್ರೋನು, ದೀಪ ಇಲ್ಲ ಅಂದ್ರೆ ದಾರಿ ಖಾಲಿ. ಇಷ್ಟು ಸುಲಭ” ಎಂದರಂತೆ. ಇವರು ಬಹಳ ಹೆಮ್ಮೆಯಿಂದ ಹೇಳಿದರು. ಹೊರಡುವಾಗ ಬಾಗಿಲಲ್ಲಿ ಒಂದು ನಿಮಿಷ ನಿಂತು, “ನಾಳೆ ನಿಮ್ಮಕ್ಕ ನನ್ನ ಮೇಲಿಂದಾನೇ ಹೋಗ್ತಾರೆ. ನೋಡ್ತಾರೆ ಬಿಡು” ಎಂದರು. ಜಗಳವಾದ ಮೇಲೆ ನಿನ್ನ ಹೆಸರೆತ್ತಿದ್ದು ಅದೇ ಮೊದಲು. ಕ್ಷಮೆ ಕೇಳುವುದಕ್ಕೆ ಬಾಯಿ ಬರದ ಗಂಡಸು ದೀಪ ಕಟ್ಟಿ ಕ್ಷಮೆ ಕೇಳುತ್ತಿದ್ದಾನೆ ಎಂದುಕೋ.

ನನ್ನ ಬೇಡಿಕೆ ಇಷ್ಟೇ. ಮೇಲೆ ಆ ಬೆಳಕು ಕಂಡಾಗ ಹಲ್ಲು ಕಡಿಯಬೇಡ. ಅದನ್ನು ಕಟ್ಟಿದ ಪಟ್ಟಿ ನಿನ್ನ ಗುಬ್ಬಿಯ ಬೂಟಿನದು ಎಂದು ನೆನೆಸಿಕೋ. ನೀರು ಸುರಿದು ಇಳಿದ ಮೇಲೆ ಒಂದು ಸಲ ಇವರಿಗೆ ಫೋನ್ ಮಾಡು, ಬೈಯುವುದಕ್ಕಾದರೂ ಮಾಡು. ನೀನು ಬೈದರೆ ಇವರಿಗೆ ನಿದ್ದೆ ಬರುತ್ತದೆ, ನೀನು ಸುಮ್ಮನಿದ್ದರೆ ಬರುವುದಿಲ್ಲ. ನನಗಂತೂ ನೀವಿಬ್ಬರೂ ನೆಲದ ಮೇಲಿದ್ದೀರಿ ಎಂದು ತಿಳಿಯುವ ತನಕ ನಿದ್ದೆ ಎಂಬುದು ಬೇರೆಯವರ ಮನೆಯ ಮಾತು.

ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹತ್ತು. ನಿನ್ನ ಜೊತೆಗೆ ಹಾರುವ ಇಬ್ಬರಿಗೂ ನನ್ನ ನಮಸ್ಕಾರ ಹೇಳು. ಗುಬ್ಬಿ ನಿದ್ದೆಯಲ್ಲೇ ಕೈಯಾಡಿಸುತ್ತಿದ್ದಾಳೆ, ಅದು ದೊಡ್ಡಮ್ಮನಿಗೇ ಎಂದು ಬರೆಯುತ್ತಿದ್ದೇನೆ. ಬೆಂಕಿ ನಿನ್ನನ್ನು ಮುಟ್ಟದಿರಲಿ, ಹೊಗೆ ನಿನ್ನ ಕಣ್ಣು ಕಟ್ಟದಿರಲಿ.

ನಿನ್ನ ಮುದ್ದಿನ ತಂಗಿ,
ಗುಬ್ಬಿಯ ಅಮ್ಮ

ಮರೆತ ಮಾತು: ಅಕ್ಕಾ, ಮೇಲೆ ಬರೆದದ್ದನ್ನು ನಂಬಬೇಡ. ಲಕೋಟೆ ಹುಡುಕುತ್ತಿದ್ದಾಗ ಗುಬ್ಬಿ ಎದ್ದು ಅಳಲು ಶುರುಮಾಡಿದಳು. ಮೋಟಾರ್ ಕೆಟ್ಟಿದೆ ಎಂದು ಇವರು ಮನೆಯಲ್ಲೇ ಬಿಟ್ಟುಹೋದ ಇನ್ನೊಂದು ಡ್ರೋನ್ ಇದೆ, ಅದಕ್ಕೂ ಹೀಗೇ ದೀಪ ಕಟ್ಟಿದ್ದಾರೆ. ಅದನ್ನು ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲಿಟ್ಟು ಗುಂಡಿ ಒತ್ತಿ ಅವಳನ್ನು ಕೆಳಗೆ ಮಲಗಿಸಿದೆ. ಅವಳ ಮುಖದ ಮೇಲೆಲ್ಲ ಬೆಳಕು, ಅಳು ನಿಂತಿತು. ನಾನು ಎದ್ದು ನಿಂತು ಮೇಲಿನಿಂದ ನೋಡಿದೆ. ಏನೂ ಇಲ್ಲ ಅಕ್ಕಾ. ಒಂದು ಕಪ್ಪು ಮುದ್ದೆ, ಅಷ್ಟೇ. ಅಂಚಿನ ಆಚೆ ನೆಲದ ಮೇಲೆ ಎಲ್ಲೋ ಚೂರು ಮಿಣುಕು. ಕೆಳಗೆ ಗುಡ್ಡವೇ ಉರಿಯುವಾಗ ಆ ಮಿಣುಕು ಯಾರಿಗೆ ಕಂಡೀತು? ನಾನು ನೋಡಿದ್ದು ಕೆಳಗಿನಿಂದ, ಸಾಹೇಬರು ನೋಡಿದ್ದು ಕೆಳಗಿನಿಂದ, ಊರೆಲ್ಲ ನೋಡಿದ್ದು ಕೆಳಗಿನಿಂದ. ಬರುವವಳು ನೀನು, ಮೇಲಿನಿಂದ. ಆ ಡ್ರೋನುಗಳು ನಾಲ್ಕೂ ಹೀಗೇ ಇವೆ.

ಇವರ ಫೋನಿಗೆ ಮಾಡಿದೆ, ಹೋಗುತ್ತಿಲ್ಲ. ಡ್ರೋನಿನ ಚಿತ್ರ ನೋಡುವುದು ಅದರಲ್ಲೇ, ಹಾರಿಸುವಾಗ ಕರೆ ಬರದಂತೆ ಇಟ್ಟಿರುತ್ತಾರೆ. ನಿನ್ನದು ಬಂದ್ ಆಗಿದೆ. ನಿಮ್ಮ ಆಫೀಸಿಗೆ ಮಾಡಿದರೆ, ಹಾರುವ ಮೊದಲು ಪೈಲಟ್‌ಗಳನ್ನ ಎಬ್ಬಿಸೋ ಹಾಗಿಲ್ಲ ಅಂದರು. ದಳದ ಕಂಟ್ರೋಲ್ ರೂಮಿನವನು ಪೂರ್ತಿ ಕೇಳಿಸಿಕೊಂಡು, “ದೀಪ ಪರೀಕ್ಷೆ ಆಗಿದೆ ಅಂತ ಇಲ್ಲಿ ಬರೆದಿದೆಯಮ್ಮಾ, ನೀವು ಮಲಗಿ” ಅಂದ. ಮತ್ತೆ ಮಾಡಿದೆ, ಎತ್ತಲಿಲ್ಲ. ಮಗುವನ್ನು ಎತ್ತಿಕೊಂಡು ನಾನೇ ಬರೋಣವೆಂದರೆ ದಾರಿಗೆ ಅಡ್ಡ ಹಾಕಿದ್ದಾರೆ, ಆಂಬುಲೆನ್ಸ್ ಬಿಟ್ಟು ಯಾರನ್ನೂ ಬಿಡುತ್ತಿಲ್ಲವಂತೆ. ಡ್ರೈವರ್ ಕೆಳಗೆ ಗಾಡಿ ಶುರುಮಾಡಿದ್ದಾನೆ, ನಿನ್ನ ಕೈಗೇ ಕೊಡುತ್ತೇನೆಂದು ಮಗುವಿನ ತಲೆ ಮುಟ್ಟಿ ಹೇಳಿದ್ದಾನೆ.

ದೀಪ ಕಾಣಲಿಲ್ಲ ಎಂದರೆ ದಾರಿ ಖಾಲಿ ಎಂದುಕೊಳ್ಳಬೇಡ. ಇವರು ಅಲ್ಲೇ ಇರುತ್ತಾರೆ, ನೀನು ನೋಡುತ್ತೀ ಎಂದು ನಂಬಿ ಪಕ್ಕಕ್ಕೂ ಸರಿಯುವುದಿಲ್ಲ. ನಿನ್ನ ರೇಡಿಯೋದಲ್ಲಿ ಹೇಳು, ನಾಲ್ಕನ್ನೂ ಇಳಿಸಿ ದೀಪ ಬೆನ್ನಿಗೆ ಕಟ್ಟಲಿ, ಆಮೇಲೆ ಹಾರು. ನನ್ನ ಮಾತೆಂದು ಬೇಡ, ನಿನ್ನ ಮಾತೆಂದೇ ಹೇಳು, ನಿನ್ನದನ್ನು ಕೇಳುತ್ತಾರೆ. ಮತ್ತೆ ನನಗೆ ಫೋನ್ ಮಾಡು ಅಕ್ಕಾ. ಸಿಟ್ಟಿದ್ದರೆ ಮಾತಾಡಬೇಡ, ಎರಡು ರಿಂಗ್ ಕೊಟ್ಟು ಇಟ್ಟುಬಿಡು, ಓದಿದೆ ಎಂದು ತಿಳಿದುಕೊಳ್ಳುತ್ತೇನೆ. ಬೆಳಗಾಗುವ ತನಕ ಕಾಯಬೇಡ. ಬೆಳಗಾಗುವ ಮೊದಲೇ ಮಾಡು. ಫೋನು ಕೈಯಲ್ಲೇ ಹಿಡಿದು ಕೂತಿದ್ದೇನೆ, ನಿನ್ನ ದಮ್ಮಯ್ಯ, ಮಾಡು.